ನೀಲವ್ವನ ಎರಕ

ರೋಣದ ಪೇಟೆಯಲ್ಲಿ ಕಡಲೆ, ಜೋಳದ ಅಂಗಡಿ ಇಟ್ಟುಕೊಂಡಿದ್ದ ಹೂವಪ್ಪನಿಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆದು ಗೊತ್ತಿರಲಿಲ್ಲ. ಮೊಳೆ ಹೊಡೆಯಲು ಹೋದರೆ ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತಿತ್ತು. ಹೆಬ್ಬೆರಳು ಉಳಿಸಿಕೊಳ್ಳಲು ಹೋದರೆ ಗೋಡೆ ಉದುರುತ್ತಿತ್ತು. ಇಂಥವನು ಕುಲುಮೆ ಹೂಡಿದ ಎಂದರೆ ಊರು ನಗದೆ ಏನು ಮಾಡೀತು? ಆದರೂ ಊರು ಸ್ವಲ್ಪ ತಡೆದುಕೊಂಡಿತು. ಅವನ ಹೆಂಡತಿ ನೀಲವ್ವ ಜ್ವರ ಬಂದು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಸತ್ತವನ ಎದುರಿಗೆ ವರ್ಷದೊಳಗೆ ನಗುವುದು ರೋಣದಂಥ ಮರ್ಯಾದಸ್ಥರ ಊರಿಗೆ ಒಪ್ಪುವ ಮಾತಲ್ಲ. ಅದಕ್ಕಾಗಿ ಜನ ಮೊದಲು ಅವನ ಬೆನ್ನ ಹಿಂದೆ ನಕ್ಕರು.

ಎಲ್ಲ ಶುರುವಾದದ್ದು ಅಕ್ಕಸಾಲಿ ಪತ್ತಾರನ ಅಂಗಡಿಯಲ್ಲಿ. ನಮ್ಮ ಕಡೆ ಮನೆಯಲ್ಲಿ ತೀರಿಕೊಂಡವರ ಮುಖವನ್ನು ಬೆಳ್ಳಿಯಲ್ಲೋ ಹಿತ್ತಾಳೆಯಲ್ಲೋ ಅಂಗೈಯಗಲ ಮಾಡಿಸಿ ದೇವರ ಜಗುಲಿಯ ಮೇಲೆ ಇಡುವ ರೂಢಿ. ಅವರಿಗೆ ಹಿರೇರು ಎನ್ನುತ್ತಾರೆ. ಮಹಾನವಮಿ ಅಮಾವಾಸ್ಯೆಗೆ ಹಿರೇರಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಮುಂದೆ ಹೊಸ ಬಟ್ಟೆ ಇಟ್ಟು, ಹೋಳಿಗೆಯ ಎಡೆ ಹಿಡಿಯಬೇಕು. ಹಬ್ಬ ಹತ್ತಿರ ಬಂತೆಂದು ಹೂವಪ್ಪ ನೀಲವ್ವನ ಮುಖ ಮಾಡಿಸಲು ಹೋದ. ಪತ್ತಾರ ಒಂದು ತಗಡಿನ ಡಬ್ಬಿ ತೆಗೆದು ತಯಾರಾದ ಮುಖಗಳನ್ನು ಅರಿವೆಯ ಮೇಲೆ ಸುರಿದ. ಎಲ್ಲವೂ ಒಂದೇ ಅಚ್ಚಿನವು. ಕಡಲೆಕಾಳಿನಂಥ ಎರಡು ಕಣ್ಣು, ಒಂದು ಮೂಗು, ಬಾಯಿಯ ಜಾಗದಲ್ಲಿ ಒಂದು ಗೀರು.

"ಮೀಸಿ ಇದ್ದದ್ದು ಗಂಡಮಗ, ಇಲ್ಲದ್ದು ಹೆಣಮಗಳು. ಯಾವುದು ಬೇಕು ತಗೋರಿ" ಎಂದ ಪತ್ತಾರ.

"ನಮ್ಮಾಕಿ ಹಿಂಗಿರಲಿಲ್ಲಲ್ಲ" ಎಂದ ಹೂವಪ್ಪ.

"ಯಾರೂ ಹಿಂಗ ಇರಂಗಿಲ್ರಿ ಸಾಹುಕಾರ್ರ. ಸತ್ತಮ್ಯಾಲೆ ಎಲ್ಲಾರೂ ಹಿಂಗ ಆಕ್ಕಾರ."

ಅಂಗಡಿಯಲ್ಲಿ ಕೂತಿದ್ದ ನಾಲ್ಕು ಜನ ಹಲ್ಲು ಕಿರಿದರು. ಅವರು ಹಲ್ಲು ಕಿರಿಯದೇ ಇದ್ದಿದ್ದರೆ ಹೂವಪ್ಪ ಸುಮ್ಮನೆ ಮೀಸೆ ಇಲ್ಲದ್ದೊಂದನ್ನು ಆರಿಸಿಕೊಂಡು ಮನೆಗೆ ಹೋಗುತ್ತಿದ್ದ, ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಅವನಿಗೆ ಸಿಟ್ಟು ಬಂತು. "ನನ್ನ ಹೇಣ್ತಿ ಮುಖಾ ನಾನ ಎರಕಾ ಹೊಯ್ತೀನಿ. ಇಷ್ಟು ವರ್ಷ ಬಾಳೇವು ಮಾಡಿದಾವ ನಾನೋ, ನಿನ್ನ ಡಬ್ಬಿಯೋ?" ಎಂದು ರುಮಾಲು ಕೊಡವಿಕೊಂಡು ಎದ್ದ.

ಫೋಟೋ ಇದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಗದಗಿಗೆ ಹೋಗಿ ಇಬ್ಬರೂ ಒಂದು ಫೋಟೋ ತೆಗೆಸಿಕೊಳ್ಳೋಣ ಎಂದು ಅವನು ಪ್ರತಿ ವರ್ಷ ಅನ್ನುತ್ತಿದ್ದ. ಪ್ರತಿ ವರ್ಷ ಕಡಲೆಯ ಸುಗ್ಗಿ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ನೋಡೋಣ ಎನ್ನುವಷ್ಟರಲ್ಲಿ ಜೋಳ ಬರುತ್ತಿತ್ತು. ಮಕ್ಕಳೂ ಆಗಲಿಲ್ಲ, ಅವಳನ್ನು ಹೋಲುವ ಒಂದು ಮುಖ ಮನೆಯಲ್ಲಿ ಓಡಾಡಿಕೊಂಡಿರಲು. ಈಗ ನೀಲವ್ವ ಹೀಗಿದ್ದಳು ಎಂದು ತೋರಿಸಲು ಹೂವಪ್ಪನ ತಲೆಯೊಳಗಿನ ನೆನಪೊಂದನ್ನು ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ. ಅದೂ ಮಸುಕಾಗುತ್ತಿದೆ ಎಂದು ಅವನಿಗೆ ಒಳಗೊಳಗೇ ಹೆದರಿಕೆಯಿತ್ತು. ಯಾರಿಗೂ ಹೇಳಿರಲಿಲ್ಲ.

ಬಸ್ಸು ನಿಲ್ಲುವಲ್ಲಿ ಮೋದಿನಸಾಬನ ಹಳೇ ಕಬ್ಬಿಣದ ರಾಶಿ. ಅಬ್ಬಿಗೇರಿಯ ಒಂದು ಕಂಬಾರರ ಮನೆಯವರು ಕುಲುಮೆ ಮುಚ್ಚಿ ಹುಬ್ಬಳ್ಳಿಯ ಕಡೆ ಹೋಗುವಾಗ ತಮ್ಮ ಸಾಮಾನನ್ನೆಲ್ಲ ಅವನ ತಲೆಗೆ ಕಟ್ಟಿ ಹೋಗಿದ್ದರು. ಅದನ್ನು ಇನ್ಯಾರ ತಲೆಗೆ ಕಟ್ಟುವುದು ಎಂದು ಅವನು ಹಾದಿ ನೋಡುತ್ತ ಕೂತಿದ್ದ. ಆಗ ಹೂವಪ್ಪ ಬಂದ.

"ಮೋದಿನಸಾಬ, ಎರಕಾ ಹೊಯ್ಯಾಕ ಏನೇನ ಬೇಕು?"

ಮೋದಿನಸಾಬನಿಗೆ ಎರಕದ ಗಂಧಗಾಳಿ ಇರಲಿಲ್ಲ. ಆದರೆ ಗಿರಾಕಿ ಕೇಳಿದ್ದಕ್ಕೆ ಇಲ್ಲ ಎಂದು ಅವನ ವಂಶದಲ್ಲಿ ಯಾರೂ ಅಂದವರಲ್ಲ. "ಮೊದಲ ಅಡಿಗಲ್ಲ ಬೇಕ್ರಿ ಸಾಹುಕಾರ್ರ" ಎಂದು ಎಮ್ಮೆಕರುವಿನಷ್ಟು ದಪ್ಪ ಕಬ್ಬಿಣದ ಒಂದು ತುಂಡನ್ನು ತೋರಿಸಿದ. ಕಂಬಾರರು ಕಾದ ಕಬ್ಬಿಣವನ್ನು ಇಟ್ಟು ಬಡಿಯುವುದು ಅದರ ಮೇಲೆ.

"ಎರಕಕ್ಕ ಅಡಿಗಲ್ಲ ಯಾಕ? ಅದರ ಮ್ಯಾಲ ಏನ ಮಾಡೂದು?"

"ಎಲ್ಲಾ ಅದರ ಮ್ಯಾಲನ ಮಾಡೂದ್ರಿ."

ಆಮೇಲೆ ಒಂದು ಇಕ್ಕಳ ಬಂತು; ಅದರ ಎರಡು ತುಟಿಗಳು ಒಂದನ್ನೊಂದು ಕಂಡರಾಗದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಕಡೆ ನೋಡುತ್ತಿದ್ದವು. ಕಾಲು ಮುರಿದ ಚಿಮಟ ಬಂತು. ಲೋಹ ಕರಗಿಸುವ ಮಣ್ಣಿನ ಮೂಸೆ ಬಂತು. ಕೊನೆಗೆ ಬೆಂಕಿಗೆ ಗಾಳಿ ಊದುವ ಆಡಿನ ತೊಗಲಿನ ತಿದಿ. ಹೂವಪ್ಪ ತಿರುಗಿಸಿ ನೋಡಿದರೆ ತಿದಿಯ ಹೊಟ್ಟೆಗೆ ಕೈ ತೂರುವಷ್ಟು ತೂತು.

"ಇದಕ್ಕ ತೂತ ಬಿದ್ದೈತಲ್ಲೋ!"

"ತೂತ ಇಲ್ದಿದ್ರ ಒಳಗ ಗಾಳಿ ಹ್ಯಾಂಗ ಹೊಕ್ಕೀತ್ರಿ?" ಎಂದ ಮೋದಿನಸಾಬ.

ಹೂವಪ್ಪ ಯೋಚಿಸಿ ನೋಡಿದ. ಮಾತು ಸರಿಯಾಗಿತ್ತು. ಎಲ್ಲವನ್ನೂ ಕೊಂಡುಕೊಂಡ.

ಅಡಿಗಲ್ಲನ್ನು ಪೇಟೆಯ ಹಮಾಲರು ಹೊತ್ತು ತಂದು ಪಡಸಾಲೆಯವರೆಗೆ ಬಂದು, ಇನ್ನು ನಮ್ಮಪ್ಪನಾಣೆಗೂ ಆಗುವುದಿಲ್ಲ ಎಂದು ಅಲ್ಲಿಯೇ ಇಳಿಸಿ ಹೋದರು. ಅದು ಮತ್ತೆಂದೂ ಅಲ್ಲಿಂದ ಕದಲಲಿಲ್ಲ. ಹೂವಪ್ಪನ ಅಕ್ಕ ಕಳಕವ್ವ ಬಹಳ ವರ್ಷಗಳಿಂದ ತಮ್ಮನ ಮನೆಯಲ್ಲೇ ಇದ್ದ ವಿಧವೆ. ಅಡಿಗೆಮನೆಯಿಂದ ಬಂದು ಅಡಿಗಲ್ಲಿನ ಸುತ್ತ ಒಂದು ಸುತ್ತು ಬಂದಳು.

"ತಮ್ಮಾ, ಇದರ ಮ್ಯಾಲ ಏನ ಮಾಡಾಂವ ನೀನು?"

"ಎಲ್ಲಾ" ಎಂದ ಹೂವಪ್ಪ.

ಕಳಕವ್ವ ಮರುದಿನದಿಂದ ಅದರ ಮೇಲೆ ಸಂಡಿಗೆ ಒಣಗಿಸಲು ಇಟ್ಟಳು. ಆ ಅಡಿಗಲ್ಲಿನಿಂದ ಆ ಮನೆಗೆ ಆದ ಉಪಯೋಗ ಅಷ್ಟೇ.

ಎರಕದ ಶಾಸ್ತ್ರವನ್ನು ಹೂವಪ್ಪ ಕಲಿತದ್ದು ಗಜೇಂದ್ರಗಡದಲ್ಲಿ. ಒಮ್ಮೆ ಅಲ್ಲಿ ಬಸ್ಸು ಕೆಟ್ಟು ನಿಂತಾಗ ಓಣಿಯಲ್ಲಿ ಒಬ್ಬ ಗಂಟೆ ಎರಕ ಹೊಯ್ಯುವುದನ್ನು ನೋಡಿದ್ದ. ಜೇನುಮೇಣದಲ್ಲಿ ಬೇಕಾದ ರೂಪ ಮಾಡುವುದು, ಅದಕ್ಕೆ ಮಣ್ಣು ಮೆತ್ತುವುದು, ಒಣಗಿದ ಮೇಲೆ ಕಾಯಿಸಿ ಮೇಣವನ್ನು ಹರಿಸಿಬಿಡುವುದು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿಯುವುದು. ಇಷ್ಟೇ. ಬಸ್ಸು ಬೇಗ ರಿಪೇರಿಯಾದ್ದರಿಂದ ಉಳಿದದ್ದನ್ನು ನೋಡಲು ಆಗಿರಲಿಲ್ಲ.

ಹಿತ್ತಿಲಲ್ಲಿ ಕುಣಿ ತೋಡಿ ಇದ್ದಲು ತುಂಬಿದ. ಸೀಳಿದ ಹಿತ್ತಾಳೆಯ ಗಂಗಾಳವೊಂದು ಮೂಸೆಗೆ ಹೋಯಿತು. ತಿದಿ ಒತ್ತಲು ಕಳಕವ್ವನೇ ಗತಿ. ಅವಳು ಬೈಯುತ್ತ ಒತ್ತಿದಳು, ಒತ್ತುತ್ತ ಬೈದಳು. ಮೋದಿನಸಾಬನ ತೂತಿನಿಂದ ಗಾಳಿ ಬೆಂಕಿಗೆ ಹೋಗುವುದನ್ನು ಬಿಟ್ಟು ಬೂದಿಯನ್ನೆಲ್ಲ ಅವಳ ಮುಖಕ್ಕೆ ಊದಿತು. ಹೂವಪ್ಪ ತೂತಿಗೆ ಹಳೆಯ ಜೋಡಿನ ತೊಗಲು ಹೊಲಿದು ಮುಚ್ಚಿದ ಮೇಲೆ ಗಂಗಾಳ ಕರಗಿತು. ಮೊದಲನೆಯ ಎರಕದಲ್ಲಿ ಲೋಹ ಸಾಲದೆ ಒಂದು ಗದ್ದ, ಒಂದು ಕಿವಿ ಮಾತ್ರ ಮೂಡಿದವು. ಎರಡನೆಯದರಲ್ಲಿ ಮುಖವೇನೋ ಪೂರ್ತಿ ಬಂತು. ಆದರೆ ಅಚ್ಚು ಮೂಗಿನ ಕೆಳಗೆ ಬಿರಿದು, ಹಿತ್ತಾಳೆ ಆ ಬಿರುಕಿಗೆಲ್ಲ ಹರಿದು ಭರ್ಜರಿ ಮೀಸೆಯಾಗಿ ನಿಂತಿತ್ತು.

"ಅಯ್ಯ ಶಿವನ, ಮಾಮಲೇದಾರ ಸಾಹೇಬ್ರು!" ಎಂದು ಕಳಕವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಮೂರನೆಯ ಸಲ ಮೇಣ ತಿದ್ದಲು ಹೂವಪ್ಪ ಬೆಳಕು ಚೆನ್ನಾಗಿರುತ್ತದೆ ಎಂದು ಮುಂಜಾನೆ ಮನೆಯ ಮುಂದಿನ ಕಟ್ಟೆಗೆ ಬಂದು ಕೂತ. ಮೇಣವನ್ನು ಕೈಯಲ್ಲಿ ಹಿಡಿದು ನೀಲವ್ವನನ್ನು ನೆನೆಸುವುದು. ನೆನಪಾಗದಿದ್ದರೆ ತಲೆಯೆತ್ತಿ ಎದುರಿಗೆ ನೋಡುತ್ತ ಕೂಡುವುದು. ಏನೋ ಹೊಳೆದಂತಾಗಿ ಮತ್ತೆ ತಿದ್ದುವುದು. ಅಡ್ಡಿಯೆಂದರೆ ಎದುರಿಗೆ ಅಂದಾನೆಪ್ಪನ ಮನೆಯಿತ್ತು. ಅಂದಾನೆಪ್ಪ ಅರಳೆಯ ದಲಾಲ. ಅವನ ಹೆಂಡತಿ ಹೊನ್ನವ್ವ ದಿನಾ ಅದೇ ಹೊತ್ತಿಗೆ ಹೊಸ್ತಿಲ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಹೂವಪ್ಪನ ಮನಸ್ಸಿನಲ್ಲಿ ಇದ್ದವಳು ನೀಲವ್ವನೇ, ಅದರಲ್ಲಿ ಸಂಶಯವಿಲ್ಲ. ಕಣ್ಣು ಮಾತ್ರ ಎದುರಿಗಿದ್ದುದನ್ನು ನೋಡುತ್ತಿತ್ತು, ಕೈ ಕಣ್ಣಿನ ಮಾತು ಕೇಳುತ್ತಿತ್ತು. ಇಷ್ಟು ಅವನಿಗೆ ತಿಳಿಯಲಿಲ್ಲ. ದೇವರಂಥ ಮನುಷ್ಯ.

ಈ ಸಲದ ಎರಕ ಚೆನ್ನಾಗಿ ಬಿತ್ತು. ದುಂಡು ಮುಖ, ಅಗಲ ಹಣೆ, ನಿಜವಾದ ಮೂಗು, ನಿಜವಾದ ಬಾಯಿ. ಗದ್ದದ ಎಡಕ್ಕೆ ಮಾತ್ರ ಒಂದು ಗಾಳಿಗುಳ್ಳೆ ಉಳಿದು ಸಣ್ಣ ಗಂಟಾಗಿತ್ತು. ಹೂವಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಳಪಳ ಮಾಡಿ ಅಕ್ಕನಿಗೆ ತೋರಿಸಿದ. ಕಳಕವ್ವನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಆ ಮನೆಯಲ್ಲಿ ಇದು ಅಪರೂಪ.

"ತಮ್ಮಾ, ನೀಲವ್ವನ ಗದ್ದಕ್ಕ ಮಚ್ಚಿ ಇತ್ತೇನ?"

"ಇದ್ದಿರಬೇಕು" ಎಂದ ಹೂವಪ್ಪ. ಇಷ್ಟು ಚೆಂದದ ಮುಖಕ್ಕೆ ಒಂದು ಮಚ್ಚೆಯ ಸಲುವಾಗಿ ತಕರಾರು ಮಾಡುವುದು ಅವನಿಗೆ ಇಷ್ಟವಿರಲಿಲ್ಲ.

ಅಮಾವಾಸ್ಯೆ ಬಂತು. ಜಗುಲಿಯ ಮೇಲೆ ಅಪ್ಪ, ಅವ್ವ, ಅಜ್ಜ, ಅಜ್ಜಿ ಎಲ್ಲರೂ ಪತ್ತಾರನ ಒಂದೇ ಮುಖ ಹೊತ್ತು ಸಾಲಾಗಿ ಕೂತಿದ್ದರು. ನಡುವೆ ಹೊಸಬಳು ಹೊಳೆಯುತ್ತಿದ್ದಳು. ಹಣೆಗೆ ವಿಭೂತಿ, ತಲೆಯ ಮೇಲೆ ಸೇವಂತಿಗೆ, ಮುಂದೆ ಇಳಕಲ್ಲ ಸೀರೆ, ಬಾಳೆ ಎಲೆಯ ಮೇಲೆ ಹೋಳಿಗೆ. ಹೂವಪ್ಪ ಕೈಮುಗಿದು ನಿಂತಾಗ ಅವನ ಕಣ್ಣಲ್ಲಿ ನೀರು ಬಂತು. ಇನ್ನು ಮುಂದೆ ಆಕೆ ಮರೆತು ಹೋಗುವ ಭಯವಿಲ್ಲ ಎಂದು ಅವನಿಗೆ ಅನ್ನಿಸಿತು. ಅದೇ ಹೊತ್ತಿಗೆ ಓಣಿಯ ರೂಢಿಯಂತೆ ತಮ್ಮ ಮನೆಯ ಹೋಳಿಗೆ ಕೊಡಲು ಹೊನ್ನವ್ವ ತಾಟು ಹಿಡಿದು ಒಳಗೆ ಬಂದಳು. ಜಗುಲಿಯ ಕಡೆ ನೋಡಿದಳು. ಅವಳ ಕೈ ತಾನಾಗಿ ಗದ್ದದ ಮಚ್ಚೆಗೆ ಹೋಯಿತು.

"ಕಳಕವ್ವಾ," ಎಂದಳು ಸಣ್ಣ ದನಿಯಲ್ಲಿ, "ನಾ ಯಾವಾಗ ಸತ್ತೆ?"

ಹೊನ್ನವ್ವ ತಾಟನ್ನು ಅಲ್ಲಿಯೇ ಅಡಿಗಲ್ಲಿನ ಮೇಲೆ ಇಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಹೋಗಿ, ಕೌದಿ ಹೊದ್ದು ಮಲಗಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಅಂದಾನೆಪ್ಪ ಬಂದ. ಅರಳೆಯ ಹರಾಜಿನ ಸವಾಲಿನಲ್ಲಿ ಬೆಳೆದ ದನಿ ಅವನದು, ಗುಟ್ಟು ಹೇಳಿದರೂ ಮೂರು ಓಣಿಗೆ ಕೇಳುತ್ತಿತ್ತು. ಈಗಂತೂ ಅವನು ಗುಟ್ಟು ಹೇಳಲು ಬಂದಿರಲಿಲ್ಲ.

"ಹೂವಪ್ಪಾ! ನಿನ್ನ ಹೇಣ್ತಿ ಸತ್ತಾಳಂತ ನನ್ನ ಹೇಣ್ತಿನ್ನ ಜೀವಂತ ಹಿರೇರ ಮಾಡ್ತಿಯೇನೋ?"

"ಅಂದಾನೆಪ್ಪ, ಇದು ನೀಲವ್ವ."

"ನನ್ನ ಹೇಣ್ತಿ ಗುರ್ತು ನನಗ ಸಿಗಂಗಿಲ್ಲೇನ? ಮಚ್ಚಿ ನೋಡು!"

"ಅದು ಮಚ್ಚಿ ಅಲ್ಲೋ, ಗಾಳಿ."

"ಗಾಳಿ? ಸತ್ತವರಿಗೆ ಹಚ್ಚೂ ವಿಭೂತಿ ಹಚ್ಚೀರಿ, ಎಡಿ ಹಿಡದೀರಿ, ಇನ್ನ ಗಾಳಿ ಬ್ಯಾರೆ ಹಾಕೀರಿ?" ಎಂದು ಅಂದಾನೆಪ್ಪ ಕಟ್ಟೆಯ ಮೇಲೆ ಕುಸಿದು ಕೂತು, ಸಿಟ್ಟಿನ ನಡುವೆಯೇ ಅಳತೊಡಗಿದ. ಹೆಂಡತಿಯನ್ನು ದಿನಾ ಬೈಯುವ ಗಂಡಸು ಅವನು. ಅವನು ಅತ್ತದ್ದನ್ನು ನೋಡಿ ಓಣಿಗೆ ಓಣಿಯೇ ಗಾಬರಿಯಾಯಿತು.

ಹೊನ್ನವ್ವ ಊಟ ಬಿಟ್ಟಳು. ರೊಟ್ಟಿ ತಂದರೆ ಮುಖ ತಿರುಗಿಸಿ, "ನನಗ ಹಸಿವಿಲ್ಲ. ಅಲ್ಲಿ ಎಡಿ ಹಿಡದಾರಲ್ಲ, ಹೊಟ್ಟಿ ತುಂಬೇತಿ" ಎನ್ನುತ್ತಿದ್ದಳು. ನೋಡಲು ಬಂದ ಹೆಂಗಸರು ಹಣೆ ಮುಟ್ಟಿ ನೋಡಿ, ಜ್ವರವಿಲ್ಲ ಎಂದರೆ, "ಸತ್ತವರಿಗೆ ಜ್ವರಾ ಎಲ್ಲಿಂದ ಬರಬೇಕವ್ವಾ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಮಧ್ಯಾಹ್ನ ಮಾತ್ರ ಒಮ್ಮೆ ಎದ್ದು ಕೂತು, "ನನ್ನ ಮುಂದ ಇಟ್ಟ ಸೀರಿ ನಂದ ಆತಲ್ಲ, ತಂದಕೊಡಾಕ ಹೇಳ್ರಿ" ಎಂದು ಹೇಳಿ ಕಳಿಸಿದಳು.

"ಖರೇ ಸತ್ತಿದ್ರ ಕೊಡ್ತೀನಿ ಅಂತ ಹೇಳ್ರಿ" ಎಂದು ಕಳಕವ್ವ ತಿರುಗಿ ಹೇಳಿ ಕಳಿಸಿದಳು.

ಮಾತು ಬಸ್ಸು ಹತ್ತಿ ಹೊನ್ನವ್ವನ ತವರು ಹೊಳೆಆಲೂರಿಗೆ ಹೋಯಿತು. ಹೋಗುವಾಗ ಅದು ‘ಹೊನ್ನವ್ವನ ಹಿರೇರ ಮುಖ ಮಾಡಿದ್ದಾರೆ’ ಎಂದಿತ್ತು. ಹೊಳೆ ಮುಟ್ಟುವಷ್ಟರಲ್ಲಿ ‘ಹೊನ್ನವ್ವ ಹೋದಳು’ ಎಂದಾಗಿತ್ತು. ಮರುದಿನ ಅವಳ ತವರಿನವರೆಲ್ಲ ಬಸ್ಸಿಳಿದಲ್ಲಿಂದಲೇ ಬಾಯಿ ಬಡಿದುಕೊಳ್ಳುತ್ತ ಬಂದರು. ಒಳಗೆ ಮಲಗಿದ್ದ ಹೊನ್ನವ್ವ ತವರಿನವರ ಅಳುವನ್ನು ಕೇಳಿ, ಯಾರೋ ತನ್ನವರೇ ತೀರಿಕೊಂಡರೆಂದು ತಾನೂ ಅಳುತ್ತ ಹೊರಗೆ ಬಂದಳು.

"ಯಾರು ಹೋದ್ರವ್ವಾ?" ಎಂದಳು ತಾಯಿಯ ಕೊರಳಿಗೆ ಬಿದ್ದು.

"ನೀನವ್ವಾ!" ಎಂದಳು ತಾಯಿ. ಇಬ್ಬರೂ ಇನ್ನೂ ಜೋರಾಗಿ ಅತ್ತರು.

ಅಂದಾನೆಪ್ಪ ಪೊಲೀಸರಿಗೆ ಹೇಳಿದ. ಹವಾಲ್ದಾರ ಬಂದು ಅಡಿಗಲ್ಲನ್ನು ಲಾಠಿಯಿಂದ ಕುಟ್ಟಿ ನೋಡಿದ, ತಿದಿಯನ್ನು ಒತ್ತಿ ನೋಡಿ ಕೆಮ್ಮಿದ, ಜಗುಲಿಯ ಮುಂದೆ ನಿಂತು ಟೊಪ್ಪಿಗೆ ತೆಗೆದ. ಆಮೇಲೆ ಬಹಳ ಹೊತ್ತು ಯೋಚಿಸಿ ಹೇಳಿದ: "ಸಾಯಿಸಿದವರ ಮ್ಯಾಲ ಕಲಮ ಐತ್ರಿ. ಸಾಯಿಸ್ತೀನಿ ಅಂದವರ ಮ್ಯಾಲೂ ಕಲಮ ಐತಿ. ಬದುಕಿದ್ದವರಿಗೆ ಪೂಜಿ ಮಾಡಿದ್ದಕ್ಕ ಸರಕಾರ ಇನ್ನೂ ಕಲಮ ಮಾಡಿಲ್ಲ. ನಿಮ್ಮ ಹಿರಿಯರ ಹಂತ್ಯಾಕ ಹೋಗ್ರಿ."

ಓಣಿಯ ಹಿರಿಯ ಗುರುಸಂಗಪ್ಪ. ಸಂಜೆಯ ಮುಂದೆ ಅವನ ಮನೆಯ ಬೇವಿನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಹಿತ್ತಾಳೆಯ ಮುಖವನ್ನು ನಡುವೆ ಕಂಬಳಿಯ ಮೇಲೆ ಇಟ್ಟರು. ಹೊನ್ನವ್ವನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಕರೆತಂದು ಒಂದು ಕಡೆ ಕೂಡಿಸಿದರು.

"ಇದರಾಗ ಜಗಳಾ ಮಾಡೂ ಅಂಥಾದ್ದು ಏನೈತಿ" ಎಂದ ಗುರುಸಂಗಪ್ಪ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು. "ನೀಲವ್ವ ಏನ ಕಾಣದ ಊರಿನಾಕಿ ಅಲ್ಲ. ಇದ ಓಣ್ಯಾಗ ಬಾಳೇವು ಮಾಡ್ಯಾಳ. ಆಕಿ ಹ್ಯಾಂಗಿದ್ಲು ಅಂತ ನಾಕ ಮಂದಿ ಹೇಳ್ರಿ. ಈ ಮುಖಾ ಆಕಿದ ಆದ್ರ ಅಂದಾನೆಪ್ಪ ಸುಮ್ಮನಿರಬೇಕು. ಅಲ್ಲಾಂದ್ರ ಹೂವಪ್ಪ ಇದನ್ನ ಕರಗಿಸಬೇಕು."

ನ್ಯಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಹೂವಪ್ಪನ ಮುಖವೂ ಅರಳಿತು. ಅವನಿಗೆ ತನ್ನ ಪರವಾಗಿ ಊರೇ ನಿಲ್ಲುತ್ತದೆ ಎಂಬ ನಂಬಿಕೆ.

"ಮೊದಲ ನಾನ ಹೇಳ್ತೀನಿ" ಎಂದ ಗುರುಸಂಗಪ್ಪ. "ಆಕಿ ಬಣ್ಣ ಬೆಳ್ಳಗ, ಎತ್ತರದಾಕಿ..."

"ಎಲ್ಲಿ ಬೆಳ್ಳಗ್ರಿ, ಎಣ್ಣಿಗೆಂಪು. ಗಿಡ್ಡಾಕಿ" ಎಂದ ಪಕ್ಕದಲ್ಲಿದ್ದವನು.

"ನೀವು ಹೇಳೂದು ಆಕಿ ಅತ್ತೀದು" ಎಂದು ಇನ್ನೊಬ್ಬ ಗುರುಸಂಗಪ್ಪನ ಮಾತನ್ನು ತಿದ್ದಿದ.

ಅಂದಾನೆಪ್ಪನನ್ನು ಕೇಳಿದರು. ಎದುರು ಮನೆಯವನು, ದಿನಾ ಕಾಣುತ್ತಿದ್ದವನು. ಅವನು ಹಣೆ ತಿಕ್ಕಿಕೊಂಡು, "ಆಕಿ ತಲಿ ಮ್ಯಾಲಿನ ಕೊಡ ನನಗ ಬೇಶ ಗೊತ್ತೈತ್ರಿ. ಬಗ್ಗಿದ ಕಂಠದ್ದು, ತಾಂಬ್ರದ್ದು" ಎಂದ. ಮೋದಿನಸಾಬನೂ ಬಂದಿದ್ದ, ಅವನು ಎರಡೂ ಕಿವಿ ಮುಟ್ಟಿಕೊಂಡು, "ಹೆಣ್ಣಮಕ್ಕಳ ಮುಖಾ ನಾವು ನೋಡಂಗಿಲ್ರಿ. ಒಮ್ಮೆ ಬಾಗಲಾ ಸಂದ್ಯಾಗಿಂದ ನನಗ ನೀರ ಕೊಟ್ಟಿದ್ರು. ಕೈಯಾಗ ಹಸರ ಬಳಿ ಇದ್ದೂ" ಎಂದ.

ಕಡೆಗೆ ಕಳಕವ್ವನ ಸರದಿ. ಒಂದೇ ಒಲೆಯ ಮುಂದೆ ನೀಲವ್ವನ ಜೊತೆ ಅಷ್ಟು ವರ್ಷ ಕಳೆದವಳು. "ನಾ ಹೇಳ್ತೀನಿ ಕೇಳ್ರಿ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ರೊಟ್ಟಿ ಬಡದ್ರ ಚಂದ್ರಾಮನಂಗ ದುಂಡಗ. ದನಿ ತೆಳ್ಳಗ. ಕಾಲು ಸಪ್ಪಳಾನ ಆಗತಿದ್ದಿಲ್ಲ. ಮುಖಾ..." ಅಷ್ಟಕ್ಕೆ ನಿಂತಳು. "ಮುಖಾ..." ಎಂದಳು ಮತ್ತೊಮ್ಮೆ. ಆಮೇಲೆ ಯಾರ ಮೇಲೋ ಸಿಟ್ಟು ಬಂದವಳಂತೆ, "ಮುಖಾ ಮುಖದಂಗ ಇತ್ತು!" ಎಂದು ಕೂತುಬಿಟ್ಟಳು.

"ಹೂವಪ್ಪ, ನೀನ ಹೇಳಪಾ" ಎಂದ ಗುರುಸಂಗಪ್ಪ.

ಹೂವಪ್ಪ ಎದ್ದು ನಿಂತ. ಕಂಬಳಿಯ ಮೇಲಿನ ಮುಖವನ್ನು ನೋಡಿದ, ಆ ಕಡೆ ಕೂತಿದ್ದ ಹೊನ್ನವ್ವನನ್ನು ನೋಡಿದ. ಎರಡೂ ಒಂದೇ. ಅಷ್ಟು ದಿನ ಯಾಕೆ ಕಾಣಲಿಲ್ಲವೋ, ಈಗ ಕಂಡಿತು. ಬಾಯಿ ತೆರೆದ. ಅವನಿಗೆ ನೀಲವ್ವನ ಜ್ವರ ನೆನಪಾಯಿತು, ಅವಳ ಔಷಧದ ಶೀಶೆ ನೆನಪಾಯಿತು, ಕೌದಿಯ ಅಂಚು ನೆನಪಾಯಿತು. ಕೌದಿಯ ಮೇಲಿನ ಮುಖ ಎಷ್ಟು ಎಳೆದರೂ ಬರಲಿಲ್ಲ. ಹೊಸದಾಗಿ ಮದುವೆಯಾದಾಗ ಮನೆಯಲ್ಲಿ ಅಪ್ಪ, ಅವ್ವ ಇದ್ದರು. ಅವರೆದುರು ಹೆಂಡತಿಯ ಮುಖ ನೋಡುವುದು ನಾಚಿಕೆಗೇಡು. ಅವರು ಹೋದ ಮೇಲೆ ನೋಡಬಹುದಾಗಿತ್ತು. ಅಷ್ಟರಲ್ಲಿ ನೋಡದಿರುವುದೇ ರೂಢಿಯಾಗಿತ್ತು.

"ಹೊನ್ನವ್ವಾರಂಗ ಇರಲಿಲ್ಲ" ಎಂದ ಕೊನೆಗೆ. "ಅಷ್ಟು ಗೊತ್ತೈತಿ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಎಷ್ಟೋ ಗಂಡಸರು ತಮ್ಮ ತಮ್ಮ ಕಾಲಬೆರಳು ನೋಡುತ್ತ ಕೂತರು. ಹಾಗೆ ನೋಡುವಾಗ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳ ಮುಖವನ್ನು ನೆನೆಸಲು ಹೆಣಗುತ್ತಿದ್ದರೋ ಏನೋ, ನಾವು ಹೇಳಲಾರೆವು.

ಆಗ ಸೆರಗಿನೊಳಗಿಂದ ಹೊನ್ನವ್ವನ ದನಿ ಬಂತು. "ಬಾವಿ ಕಟ್ಟಿಮ್ಯಾಲ ಕುಂತ್ರ ಭಾಳ ನಗತಿದ್ಲು."

"ನಗತಿದ್ಲಾ?" ಎಂದ ಹೂವಪ್ಪ. ಮನೆಯಲ್ಲಿ ನೀಲವ್ವ ನಕ್ಕದ್ದನ್ನು ಅವನು ಕೇಳಿರಲಿಲ್ಲ.

"ಕೊಡಾ ತುಂಬಿ ಹರದ್ರೂ ತಿಳೀತಿದ್ದಿಲ್ಲ, ಅಷ್ಟು ನಗತಿದ್ವಿ."

"ಎದಕ್ಕ ನಗತಿದ್ರಿ ತಂಗಿ?"

ಹೊನ್ನವ್ವ ಸ್ವಲ್ಪ ಹಿಂಜರಿದಳು. "ನಿಮಗ್ರಿ ಅಣ್ಣಾರ. ನೀವು ಅಂಗಿ ಗುಂಡಿ ಒಂದಕ್ಕೊಂದು ತಪ್ಪಿಸಿ ಹಾಕ್ಕೊಂಡು ಪ್ಯಾಟಿಗೆ ಹೋಗತಿದ್ರಲ್ಲ, ಅದನ್ನ ನೋಡಿ. ಹೇಳವಾ ಆತಗ ಅಂದ್ರ, ‘ಹ್ಯಾಂಗ ಹೇಳಲಿ, ನನ್ನ ಕಡೆ ನೋಡಿದ್ರ ಹೇಳ್ತೀನಿ’ ಅಂತಿದ್ಲು."

ಹೂವಪ್ಪ ತನ್ನ ಅಂಗಿಯ ಕಡೆ ನೋಡಿಕೊಂಡ. ಗುಂಡಿಗಳು ಆವತ್ತೂ ತಪ್ಪಿದ್ದವು.

"ನಗೂವಾಗ ಹ್ಯಾಂಗ ಕಾಣತಿದ್ಲು?" ಎಂದು ಕೇಳಿದ.

"ಸೆರಗ ಬಾಯಿಗೆ ಒತ್ತಿ ಹಿಡ್ಕೋತಿದ್ಲು ಅಣ್ಣಾರ. ಕಾಣತಿದ್ದಿಲ್ಲ."

ತೀರ್ಪು ಹೇಳುವ ಅಗತ್ಯವೇ ಬೀಳಲಿಲ್ಲ. ಅಲ್ಲಿಂದ ಎಲ್ಲರೂ ಹೂವಪ್ಪನ ಹಿತ್ತಿಲಿಗೆ ಹೋದರು. ನಂಬಿಕೆ ಸಾಲದೆ ಅಂದಾನೆಪ್ಪ ತಾನೇ ತಿದಿ ಒತ್ತಿದ. ಮೂಸೆಯೊಳಗೆ ಮೊದಲು ಮಚ್ಚೆ ಹೋಯಿತು, ಆಮೇಲೆ ಮೂಗು, ಆಮೇಲೆ ಹಣೆ. ಹೊನ್ನವ್ವ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು. ಎಲ್ಲ ಕರಗಿ ನೀರಾದದ್ದೇ ತಡ, ಹೊಟ್ಟೆ ಹಿಡಿದುಕೊಂಡು, "ಅಯ್ಯವ್ವ, ಹಸಿವು!" ಎಂದಳು. ತವರಿನವರು ಅವಳನ್ನು ಎತ್ತಿಕೊಂಡೇ ಮನೆಗೆ ಓಡಿದರು. ಆ ದಿನ ಅವಳು ತಿಂದ ರೊಟ್ಟಿಯ ಲೆಕ್ಕವನ್ನು ಅಂದಾನೆಪ್ಪ ಎಲ್ಲರಿಗೂ ಸಂತೋಷದಿಂದ ಹೇಳುತ್ತಿದ್ದ. ಆಮೇಲೆ ಕೆಲವು ದಿನ ಅವನು ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಮುಖವನ್ನೇ ದಿಟ್ಟಿಸಿ ನೋಡತೊಡಗಿದನಂತೆ. ಹೊನ್ನವ್ವ ಹೆದರಿ, ಗಂಡನಿಗೆ ಏನೋ ಸೋಂಕಿದೆ ಎಂದು ನಿಂಬೆಹಣ್ಣು ಇಳಿಸಿ ಒಗೆದಳು.

ಹೂವಪ್ಪನ ಹಿತ್ತಿಲಲ್ಲಿ ಮಾತ್ರ ಹಿತ್ತಾಳೆಯ ಒಂದು ಗಟ್ಟಿ ಉಳಿಯಿತು. ಕಳಕವ್ವ, "ಪತ್ತಾರನ ಕಡೆ ಹೋಗಿ ಒಂದ ತಗೊಂಡ ಬಾರೋ ತಮ್ಮಾ, ಮೀಸಿ ಇಲ್ಲದ್ದು" ಎಂದಳು. ಅವನು ಹೋಗಲಿಲ್ಲ. ತನ್ನ ಅಂಗಡಿಗೂ ಹೋಗುವುದನ್ನು ಬಿಟ್ಟು ಅಡಿಗೆಮನೆಯ ಬಾಗಿಲ ಕಡೆ ಮುಖ ಮಾಡಿ ಪಡಸಾಲೆಯಲ್ಲಿ ಕೂತಿರತೊಡಗಿದ. ಊಟಕ್ಕೆ ಕೂತಾಗ, ಸಂಜೆ ಅಂಗಡಿಯಿಂದ ಬಂದಾಗ, ನೀಲವ್ವ ಇದ್ದಾಗ ಅವನು ಯಾವಾಗಲೂ ಕೂಡುತ್ತಿದ್ದ ಜಾಗ ಅದು. ಮುಖವನ್ನು ನೆನೆಸುವ ಪ್ರಯತ್ನವನ್ನೇ ಅವನು ಬಿಟ್ಟುಬಿಟ್ಟಿದ್ದ. ಒಂದು ದಿನ ಎದ್ದು ಮೇಣ ಕೈಗೆ ತಗೊಂಡ. ಈ ಸಲ ಬೆರಳುಗಳು ತಡವರಿಸಲಿಲ್ಲ. ಕಟ್ಟೆಗೂ ಹೋಗಲಿಲ್ಲ, ತಲೆಯೆತ್ತಿ ಯಾರನ್ನೂ ನೋಡಲಿಲ್ಲ.

ಅಚ್ಚು ಒಡೆದು ತಂದದ್ದನ್ನು ನೋಡಿ ಕಳಕವ್ವ ಕೈಯಲ್ಲಿದ್ದ ಲಟ್ಟಣಿಗೆಯನ್ನು ಬಿಟ್ಟಳು.

"ಏ ಯವ್ವಾ, ನೀಲಾ!" ಎಂದವಳೇ ಅಳತೊಡಗಿದಳು.

ಅದರಲ್ಲಿ ಮುಖವೇ ಇರಲಿಲ್ಲ. ಒಲೆಯ ಕಡೆ ಹೊರಟ ಒಬ್ಬ ಹೆಂಗಸಿನ ಬೆನ್ನು. ತಲೆಯ ಮೇಲಿಂದ ಇಳಿದ ಸೆರಗು, ನೀರು ಹೊತ್ತು ಹೊತ್ತು ಎಡಕ್ಕೆ ವಾಲಿದ ಹೆಗಲು, ಸೊಂಟಕ್ಕೆ ಸಿಕ್ಕಿಸಿದ ನಿರಿಗೆ, ಯಾರನ್ನೂ ಎಬ್ಬಿಸಬಾರದೆಂದು ಮೆಲ್ಲಗೆ ಎತ್ತಿದ ಹಿಮ್ಮಡಿ. ಸುದ್ದಿ ತಿಳಿದು ಓಣಿಯವರು ಒಬ್ಬೊಬ್ಬರೇ ಬಂದರು. ಗುರುಸಂಗಪ್ಪ ಹೊಸ್ತಿಲ ಹೊರಗಿನಿಂದಲೇ, "ನೀಲವ್ವ" ಎಂದ. ಅಂದಾನೆಪ್ಪ, "ಖರೇ, ಇದು ಆಕಿನ" ಎಂದು ತಲೆಯಿಂದ ಟೊಪ್ಪಿಗೆ ತೆಗೆದ. ಹೊನ್ನವ್ವ ಬೆರಳಿನಿಂದ ಆ ವಾಲಿದ ಹೆಗಲನ್ನು ಸವರಿ ತಿರುಗಿ ಹೋದಳು. ಈ ಸಲ ಒಬ್ಬರಿಗೂ ಸಂಶಯ ಬರಲಿಲ್ಲ.

ದೀಪಾವಳಿ ಅಮಾವಾಸ್ಯೆಗೆ ಜಗುಲಿಯ ಮೇಲೆ ಅದನ್ನೂ ಇಟ್ಟರು. ಪೂಜೆಗೆ ಬಂದ ಅಯ್ಯನವರು ವಿಭೂತಿ ಹಿಡಿದು ಬಗ್ಗಿ, ಆ ಕಡೆ ಈ ಕಡೆ ನೋಡಿ ಪೇಚಿಗೆ ಬಿದ್ದರು.

"ಹಣಿ ಎಲ್ಲೈತ್ರಿ? ತಿರುಗಿಸಿ ಇಡ್ರಿ."

ಹೂವಪ್ಪ ತಿರುಗಿಸಿ ತೋರಿಸಿದ. ಆ ಕಡೆ ಬರೀ ಸಪಾಟು ಹಿತ್ತಾಳೆ. ಅಯ್ಯನವರು ಕಳಕವ್ವನ ಮುಖ ನೋಡಿದರು.

"ಸೆರಗಿನ ಮ್ಯಾಲ ಹಚ್ರಿ" ಎಂದಳು ಕಳಕವ್ವ. "ಆಕಿ ಸೆರಗಿಗೆ ಯಾವಾಗಲೂ ಒಲಿ ಬೂದಿ ಹತ್ತೇ ಇರತಿತ್ತು."

ಎಡೆ ಹಿಡಿದಾಯಿತು. ಅಯ್ಯನವರು ಹೋದರು, ಕಳಕವ್ವ ಊಟಕ್ಕೆ ಬಡಿಸಲು ಒಳಗೆ ಹೋದಳು. ಸಾಲಾಗಿ ಕೂತ ಹಿರೇರೆಲ್ಲ ಕಡಲೆಕಾಳಿನ ಕಣ್ಣು ಬಿಟ್ಟು ಹೂವಪ್ಪನನ್ನೇ ನೋಡುತ್ತಿದ್ದರು. ಅವಳೊಬ್ಬಳು ಗೋಡೆಯ ಕಡೆ ಹೋಗುತ್ತಲೇ ಇದ್ದಳು. ಸಂಸಾರ ಮಾಡಿದಷ್ಟೂ ದಿನ ಹೂವಪ್ಪ ಅವಳನ್ನು ಹೆಸರು ಹಿಡಿದು ಕರೆದವನಲ್ಲ; ಓಣಿಯ ಎಲ್ಲ ಗಂಡಂದಿರ ಹಾಗೆ ‘ಏ, ಕೇಳಿತೇನ’ ಎಂದು ಕೂಗಿಯಷ್ಟೇ ರೂಢಿ. ಈಗ ಜಗುಲಿಯ ಮುಂದೆ ಕೂತು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಸರಿಮಾಡಿಕೊಂಡು, ಮೆಲ್ಲಗೆ ಕರೆದ.

"ಏ, ಕೇಳಿತೇನ? ಒಂಚೂರು ಈ ಕಡೆ ನೋಡು."

"ಏನ ಬೇಕಿತ್ತೋ ತಮ್ಮಾ?" ಎಂದು ಕಳಕವ್ವ ಒಳಗಿನಿಂದ ಕೇಳಿದಳು.

"ನಿನಗ ಕರೀಲಿಲ್ಲಕ್ಕಾ" ಎಂದ ಹೂವಪ್ಪ.